ಕೆಳಗೆ ಸರಿ, ಘಟ್ಟ ಹತ್ತುವಾಗ ಸುಸ್ತು: ಒಂದು ಸೂಪರ್‌ಚಾರ್ಜ್ಡ್ ಕಾರಿನ ಇಂಟರ್‌ಕೂಲರ್ ಪ್ರಕರಣ

ಕುಮಟಾ–ಅಂಕೋಲಾ ಹೆದ್ದಾರಿಯಲ್ಲಿ ಎಷ್ಟು ಓಡಿಸಿದರೂ ತಕರಾರಿಲ್ಲ. ಅದೇ ಕಾರು ಕುಮಟಾ–ಶಿರಸಿ ರಸ್ತೆಯ ದೇವಿಮನೆ ಘಟ್ಟದ ಏರು ಹಿಡಿದು ನಾಲ್ಕು ನಿಮಿಷ ಕಳೆಯುವಷ್ಟರಲ್ಲಿ ಪಿಕಪ್ ಬಿದ್ದುಹೋಗುತ್ತದೆ. ಎಂಜಿನ್ ಟೆಂಪರೇಚರ್ ಮುಳ್ಳು ನಡುವಿನಿಂದ ಅಲುಗುವುದಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪವೂ ಹೊತ್ತುವುದಿಲ್ಲ. ಈ ದೂರಿನ ಬೆನ್ನು ಹತ್ತಿದ ಎರಡು ಗ್ಯಾರೇಜುಗಳು ಏನೇನು ಮಾಡಿದವು, ಎಲ್ಲಿ ದಾರಿ ತಪ್ಪಿತು, ಯಾವ ಅಳತೆ ಸರಿದಾರಿಗೆ ತಂದಿತು ಎಂಬುದರ ವಿವರ ಇದು. ಮಾಲೀಕರ, ಗ್ಯಾರೇಜುಗಳ, ಕಾರಿನ ಕಂಪನಿಯ ಹೆಸರುಗಳನ್ನು ಬಿಟ್ಟಿದೆ.

ಹಿನ್ನೆಲೆ

ಕಾರು ಒಂಬತ್ತು ವರ್ಷ ಹಳೆಯದು, ಓಡಿದ್ದು 84,000 ಕಿಲೋಮೀಟರ್. ಮೂರು ಲೀಟರಿನ ವಿ6 ಪೆಟ್ರೋಲ್ ಎಂಜಿನ್. ಎರಡು ಸಾಲು ಸಿಲಿಂಡರುಗಳ ನಡುವಿನ ತಗ್ಗಿನಲ್ಲಿ ಜೋಡಿ ರೋಟರಿನ ಸೂಪರ್‌ಚಾರ್ಜರ್, ಅಂದರೆ ಎಂಜಿನ್ನಿಗೆ ಹೋಗುವ ಗಾಳಿಯನ್ನು ಒತ್ತಿ ತುಂಬುವ ಯಂತ್ರ. ಮಾಲೀಕರ ಮನೆ, ತೋಟ ಶಿರಸಿಯ ಹತ್ತಿರ, ವ್ಯವಹಾರ ಕಾರವಾರದಲ್ಲಿ. ವಾರಕ್ಕೆ ಎರಡು ಸಲವಾದರೂ ಘಟ್ಟ ಇಳಿದು ಹತ್ತಬೇಕು. ಕಾರವಾರದಲ್ಲಿದ್ದಾಗ ಕಾರು ರಾತ್ರಿಯಿಡೀ ಕಡಲಿಗೆ ಮುಖಮಾಡಿ, ಮೇಲೆ ಸೂರಿಲ್ಲದ ಜಾಗದಲ್ಲಿ ನಿಲ್ಲುತ್ತಿತ್ತು. ಈ ಕೊನೆಯ ಸಂಗತಿ ಮುಂದೆ ಬೇಕಾಗುತ್ತದೆ.

ಹಾಗೆ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಏಕೆ ಬೇಕು ಎಂಬುದನ್ನು ಅಂಕಿಯಲ್ಲೇ ನೋಡುವುದು ಒಳ್ಳೆಯದು. ಹೊರಗಿನ ಗಾಳಿ 32 ಡಿಗ್ರಿ ಸೆಲ್ಸಿಯಸ್ ಇದ್ದಾಗ ಅದನ್ನು 0.7 ಬಾರ್ ಬೂಸ್ಟಿಗೆ (ಹೊರಗಿನ ಒತ್ತಡಕ್ಕಿಂತ ಅಷ್ಟು ಹೆಚ್ಚು) ಒತ್ತಿದರೆ, ನಷ್ಟವೇ ಇಲ್ಲದ ಆದರ್ಶ ಯಂತ್ರದಲ್ಲೂ ಗಾಳಿ ಸುಮಾರು 50 ಡಿಗ್ರಿ ಕಾಯುತ್ತದೆ. ನಿಜವಾದ ಸೂಪರ್‌ಚಾರ್ಜರಿನ ದಕ್ಷತೆ 60–65 ಶೇಕಡಾ ಎಂದು ಹಿಡಿದರೆ ಏರಿಕೆ 80 ಡಿಗ್ರಿಯ ಆಸುಪಾಸು. ಅಂದರೆ ರೋಟರುಗಳಿಂದ ಹೊರಬೀಳುವ ಗಾಳಿ 110 ಡಿಗ್ರಿ. ಅದು ಹಾಗೇ ಸಿಲಿಂಡರಿಗೆ ಹೋದರೆ ನಾಕಿಂಗ್, ಅಂದರೆ ಪೆಟ್ರೋಲ್ ಮಿಶ್ರಣ ತಾನಾಗಿ ಸಿಡಿಯುವುದು, ಶುರುವಾಗುತ್ತದೆ. ಅದನ್ನು ತಡೆಯಲು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಇಗ್ನಿಷನ್ ಟೈಮಿಂಗನ್ನು ಹಿಂದಕ್ಕೆ ಎಳೆಯುತ್ತದೆ, ಅಂದರೆ ಪ್ಲಗ್ಗಿನ ಕಿಡಿಯನ್ನು ತಡಮಾಡುತ್ತದೆ, ಅದೂ ಸಾಲದಿದ್ದರೆ ಗಾಳಿಗೆ ಅಡ್ಡದಾರಿ ಕೊಡುವ ಬೈಪಾಸ್ ತೆರೆದು ಬೂಸ್ಟನ್ನೇ ಇಳಿಸುತ್ತದೆ. ಚಾಲಕನಿಗೆ ಇದು ‘ಗಾಡಿ ಎಳೆಯುತ್ತಿಲ್ಲ’ ಎಂದು ಗೊತ್ತಾಗುತ್ತದೆ. ಇಸಿಯು ದೃಷ್ಟಿಯಲ್ಲಿ ಇದು ದೋಷವಲ್ಲ, ರಕ್ಷಣೆ. ಆದ್ದರಿಂದಲೇ ದೀಪ ಹೊತ್ತುವುದಿಲ್ಲ.

ಈ ಕಾರಿನ ಇಂಟರ್‌ಕೂಲರ್ ನೀರಿನಿಂದ ತಣಿಯುವ ಬಗೆಯದು. ಸೂಪರ್‌ಚಾರ್ಜರಿನ ಹೊದಿಕೆಯೊಳಗೇ ಗಾಳಿಯ ಉಷ್ಣ ಹೀರುವ ಎರಡು ಜಾಲರಿಗಳು, ಅಂದರೆ ಕೋರುಗಳಿವೆ. ಅವುಗಳ ಮೂಲಕ ಹರಿಯುವ ಕೂಲಂಟನ್ನು ಒಂದು ಸಣ್ಣ ಎಲೆಕ್ಟ್ರಿಕ್ ಪಂಪ್ ಮುಂದಿನ ಬಂಪರಿನ ಹಿಂದಿರುವ ತೆಳುವಾದ ಪ್ರತ್ಯೇಕ ರೇಡಿಯೇಟರಿಗೆ ತಳ್ಳುತ್ತದೆ. ಈ ಚಿಕ್ಕ ರೇಡಿಯೇಟರ್ ಎಲ್ಲಕ್ಕಿಂತ ಮುಂದೆ. ಅದರ ಹಿಂದೆ ಎಸಿ ಕಂಡೆನ್ಸರ್, ಅದರ ಹಿಂದೆ ಎಂಜಿನ್ನಿನ ದೊಡ್ಡ ರೇಡಿಯೇಟರ್, ಕೊನೆಗೆ ಫ್ಯಾನ್. ಕೂಲಂಟ್ ತುಂಬುವ ಟ್ಯಾಂಕ್ ಮಾತ್ರ ಎರಡೂ ಸರ್ಕ್ಯೂಟುಗಳಿಗೆ ಒಂದೇ. ಟ್ಯಾಂಕಿನಲ್ಲಿ ಮಟ್ಟ ಸರಿಯಿದೆ, ಎಂಜಿನ್ ಕಾಯುತ್ತಿಲ್ಲ ಎಂದ ಮಾತ್ರಕ್ಕೆ ಇಂಟರ್‌ಕೂಲರ್ ಸರ್ಕ್ಯೂಟ್ ಸುಸ್ಥಿತಿಯಲ್ಲಿದೆ ಎಂದು ತಿಳಿಯಬಾರದು. ಅದರ ಪಂಪ್ ಬೇರೆ, ರೇಡಿಯೇಟರ್ ಬೇರೆ, ಅದರ ಉಷ್ಣತೆಯನ್ನು ತೋರಿಸುವ ಮುಳ್ಳು ಡ್ಯಾಶ್‌ಬೋರ್ಡಿನಲ್ಲಿ ಇಲ್ಲವೇ ಇಲ್ಲ.

ಮೊದಲ ಗ್ಯಾರೇಜಿನ ಕೆಲಸ

ದೂರು ಮೊದಲು ಎದ್ದದ್ದು ಹಿಂದಿನ ವರ್ಷದ ಏಪ್ರಿಲ್‌ನಲ್ಲಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ತಾನಾಗಿ ಹೋಯಿತು. ನವೆಂಬರ್ ಹೊತ್ತಿಗೆ ಮತ್ತೆ ಕಾಣಿಸಿಕೊಂಡು ಮಾರ್ಚ್‌ನಲ್ಲಿ ತಾಳಲಾರದಷ್ಟಾಯಿತು. ಮೊದಲ ಗ್ಯಾರೇಜ್ ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್, ಏರ್ ಫಿಲ್ಟರ್ ಬದಲಿಸಿತು, ಥ್ರಾಟಲ್ ಬಾಡಿ ತೊಳೆಯಿತು. ಫಲವಿಲ್ಲ. ನಂತರ ಇಂಟರ್‌ಕೂಲರ್ ಪಂಪಿನ ಸದ್ದು ಕ್ಷೀಣವಾಗಿದೆ ಎಂದು ಪಂಪನ್ನೂ ಬದಲಿಸಿತು. ಇಂಥ ಕಾರುಗಳಲ್ಲಿ ಆ ಪಂಪ್ ಕೆಡುವುದು ಅಪರೂಪವಲ್ಲ, ಆದ್ದರಿಂದ ಅನುಮಾನ ಅಸಹಜವೂ ಅಲ್ಲ. ಆದರೆ ಪಂಪಿಗೆ ಎಷ್ಟು ವೋಲ್ಟ್ ಬರುತ್ತಿದೆ ಎಂದು ಯಾರೂ ನೋಡಲಿಲ್ಲ. ಬದಲಿಸಿದ ಮೇಲೆ ಊರೊಳಗೆ ಒಂದು ಸುತ್ತು ಹೊಡೆದು ಕಾರು ಬಿಟ್ಟುಕೊಟ್ಟರು. ಮಾಲೀಕರು ಅದೇ ಸಂಜೆ ಘಟ್ಟ ಹತ್ತಿದಾಗ ತೊಂದರೆ ಮೊದಲಿಗಿಂತ ಹೆಚ್ಚಾಗಿತ್ತು. ಕಾರಣ ಆಮೇಲೆ ತಿಳಿಯಿತು.

ಎರಡನೆಯ ಗ್ಯಾರೇಜ್ ಕಾರವಾರದ್ದು. ಅಲ್ಲಿಯ ಜಾಬ್ ಕಾರ್ಡಿನಲ್ಲಿ ಮಾಲೀಕರ ಮಾತು ಇದ್ದ ಹಾಗೇ ದಾಖಲಾಗಿದೆ: “ಏರಲ್ಲಿ ಎಸಿ ಹಾಕಿದ್ರೆ ಗಾಡಿ ಸ್ವಲ್ಪ ಚಲೋ ಎಳೀತದೆ, ಬಂದ್ ಮಾಡಿದ್ರೆ ಸುಸ್ತು. ಮಳೆಗಾಲದಲ್ಲಿ ಈ ತ್ರಾಸು ಇಲ್ಲ.” ಬರೆದುಕೊಂಡ ಹುಡುಗನಿಗೆ ಇದು ವಿಚಿತ್ರವೆನಿಸಿ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾನೆ. ಎಸಿ ಹಾಕಿದರೆ ಎಂಜಿನ್ನಿನ ಶಕ್ತಿ ಕಡಿಮೆಯಾಗಬೇಕು, ಹೆಚ್ಚಾಗುವುದು ಹೇಗೆ? ಈ ಎರಡು ವಾಕ್ಯಗಳಲ್ಲಿ ಅರ್ಧ ಉತ್ತರ ಇತ್ತು. ಆದರೆ ಅದನ್ನು ಯಾರೂ ತಿರುಗಿ ಓದಿದ್ದು ಎಂಟು ದಿನ ಬಿಟ್ಟು.

ಸೆನ್ಸರ್, ಬೂಸ್ಟ್, ಪಂಪಿನ ವೋಲ್ಟೇಜ್

ಕಾರವಾರದ ಗ್ಯಾರೇಜ್ ಆರಂಭ ಮಾಡಿದ ಕ್ರಮ ಚೆನ್ನಾಗಿತ್ತು. ರಾತ್ರಿಯಿಡೀ ನಿಂತ ಕಾರಿಗೆ ಬೆಳಿಗ್ಗೆ ಎಂಜಿನ್ ಹಚ್ಚದೆ ಸ್ಕ್ಯಾನರ್ ಹಾಕಿ, ಇನ್‌ಟೇಕ್ ಗಾಳಿ (ಇಂಟರ್‌ಕೂಲರ್ ದಾಟಿ ಸಿಲಿಂಡರಿಗೆ ಹೋಗುವ ಗಾಳಿ), ಹೊರಗಾಳಿ, ಎಂಜಿನ್ ಕೂಲಂಟ್ ಈ ಮೂರರ ಉಷ್ಣತೆ ನೋಡಿದರು: 27, 26, 27 ಡಿಗ್ರಿ. ಮೂರೂ ಎರಡು ಮೂರು ಡಿಗ್ರಿಯೊಳಗೆ ಹೊಂದಿದರೆ ಸೆನ್ಸರುಗಳನ್ನು ನಂಬಬಹುದು. ಐದು ನಿಮಿಷದ ಈ ಪರೀಕ್ಷೆ ಬಿಟ್ಟು ಮುಂದೆ ಹೋದವರು ಕೆಟ್ಟ ಸೆನ್ಸರಿನ ಸುಳ್ಳು ಅಂಕಿ ನಂಬಿ ಎಂಜಿನ್ ಬಿಚ್ಚಿದ್ದೂ ಉಂಟು.

ಓಡಿಸಿ ನೋಡಿದಾಗ ಬೂಸ್ಟ್ 0.7 ಬಾರ್ ಬರುತ್ತಿತ್ತು. ಬೆಲ್ಟ್ ಜಾರುತ್ತಿಲ್ಲ, ಬೈಪಾಸ್ ಸಿಕ್ಕಿಕೊಂಡಿಲ್ಲ, ಗಾಳಿ ಸೋರುತ್ತಿಲ್ಲ. ಕೂಲಂಟ್ ಸರ್ಕ್ಯೂಟಿಗೆ 1 ಬಾರ್ ಒತ್ತಡ ಕೊಟ್ಟು 20 ನಿಮಿಷ ಬಿಟ್ಟರು, ಮುಳ್ಳು ಇಳಿಯಲಿಲ್ಲ. ಇಲ್ಲಿ ಇಳಿದಿದ್ದರೆ, ಹೊರಗೆ ಎಲ್ಲೂ ತೇವ ಕಾಣದಿದ್ದರೆ, ಕೋರು ಒಳಗೇ ಸೋರಿ ಕೂಲಂಟ್ ಸಿಲಿಂಡರಿಗೆ ಹೋಗುತ್ತಿದೆ ಎಂಬ ಅನುಮಾನ ಬರಬೇಕು. ನೀರು ಒತ್ತಲಾಗದ ವಸ್ತು. ಪಿಸ್ಟನ್ ಅದನ್ನು ಒತ್ತಲು ಹೋದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆದ್ದರಿಂದ ಈ ಪರೀಕ್ಷೆಯನ್ನು ದೂರದ ಓಟಕ್ಕೆ ಮೊದಲೇ ಮಾಡಿದ್ದು ಸರಿ.

ಆಮೇಲೆ ಪಂಪ್. ಬಂಪರಿನ ಹಿಂದೆ, ಚಕ್ರದ ಒಳಗೂಡಿನ ಪಕ್ಕ, ರಸ್ತೆಯ ನೀರು ಸಿಡಿಯುವ ಜಾಗದಲ್ಲೇ ಇದರ ಕನೆಕ್ಟರ್ ಇದೆ. ಎಂಜಿನ್ ಚಾಲನೆಯಲ್ಲಿದ್ದಾಗ ಬ್ಯಾಟರಿಯಲ್ಲಿ 13.9 ವೋಲ್ಟ್, ಪಂಪಿನ ಕನೆಕ್ಟರಿನಲ್ಲಿ ಹಿಂದಿನಿಂದ ಪಿನ್ ಚುಚ್ಚಿ ನೋಡಿದರೆ 10.1 ವೋಲ್ಟ್. ನಷ್ಟ 3.8 ವೋಲ್ಟ್, ಇರಬೇಕಾದ್ದು ಒಟ್ಟು ಅರ್ಧ ವೋಲ್ಟಿನೊಳಗೆ. ಅರ್ತ್ ಕಡೆ 0.3 ಮಾತ್ರ, ಉಳಿದ 3.5 ಪೂರೈಕೆಯ ತಂತಿಯಲ್ಲಿ. ಪಂಪ್ ಓಡುತ್ತಿರುವಾಗಲೇ ಅಳೆಯಬೇಕು ಎಂಬುದನ್ನು ಮತ್ತೆ ಮತ್ತೆ ಹೇಳಬೇಕಾಗುತ್ತದೆ. ಕನೆಕ್ಟರ್ ಬಿಚ್ಚಿ ಮೀಟರ್ ಹಿಡಿದರೆ ಕರೆಂಟ್ ಹರಿಯುವುದಿಲ್ಲ, ಕೊಳೆತ ತಂತಿಯೂ ಪೂರ್ತಿ 13.9 ತೋರಿಸುತ್ತದೆ. ಇನ್ನೊಂದು ಎಚ್ಚರ: ಕೆಲವು ಕಾರುಗಳಲ್ಲಿ ಪಂಪಿನ ವೇಗವನ್ನು ಇಸಿಯು ಪಲ್ಸ್ ಮೂಲಕ ಹತೋಟಿಯಲ್ಲಿಡುತ್ತದೆ, ಅಲ್ಲಿ ಸಾಧಾರಣ ಮೀಟರಿನ ಅಂಕಿಗೆ ಅರ್ಥವಿಲ್ಲ, ಆಸಿಲೋಸ್ಕೋಪ್ ಬೇಕು. ಈ ಕಾರಿನದು ರಿಲೇ ಮೂಲಕ ಓಡುವ ಸಾದಾ ಪಂಪ್.

ಕನೆಕ್ಟರ್ ಬಿಚ್ಚಿದಾಗ ಪಿನ್ನಿನ ಸುತ್ತ ಹಸಿರು ಕಿಲುಬು. ತಂತಿಯ ಹೊದಿಕೆ ಸುಲಿದರೆ ತಾಮ್ರದ ಎಳೆಗಳು ಒಳಗೊಳಗೇ ಕಪ್ಪಾಗಿ, ಕೈಯಲ್ಲಿ ಪುಡಿಯಾಗುತ್ತಿದ್ದವು. ಉಪ್ಪುನೀರು ಎಳೆಗಳ ಸಂದಿಯಲ್ಲಿ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಏರುತ್ತದೆ. ಹೊಳೆಯುವ ತಾಮ್ರ ಸಿಗುವವರೆಗೆ, ಸುಮಾರು 25 ಸೆಂಟಿಮೀಟರ್, ಕತ್ತರಿಸಿ ತೆಗೆದು ಹೊಸ ತಂತಿ, ಹೊಸ ಟರ್ಮಿನಲ್ ಕ್ರಿಂಪ್ ಮಾಡಿ, ಒಳಗೆ ಅಂಟು ಇರುವ ಹೀಟ್‌ಶ್ರಿಂಕ್ ತೊಡಿಸಿ, ಕನೆಕ್ಟರಿಗೆ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿದರು. ತಿರುಚಿ ಟೇಪ್ ಸುತ್ತಿದ ಜೋಡಣೆ ಈ ಕರಾವಳಿಯಲ್ಲಿ ಒಂದು ಮಳೆಗಾಲ ದಾಟುವುದಿಲ್ಲ. ಈಗ ಪಂಪಿನಲ್ಲಿ 13.5 ವೋಲ್ಟ್.

ಡಿಕ್ಕಿಯಲ್ಲಿ ಹಳೆಯ ಪಂಪ್ ಇತ್ತು. ಅದನ್ನು ಬಕೆಟ್ ನೀರಿನಲ್ಲಿಟ್ಟು 13.5 ವೋಲ್ಟ್ ಕೊಟ್ಟಾಗ ಸದ್ದಿಲ್ಲದೆ, ಜೋರಾಗಿ ನೀರು ಎತ್ತಿತು. ಮೊದಲ ಗ್ಯಾರೇಜ್ ತೆಗೆದುಹಾಕಿದ್ದು ಚೆನ್ನಾಗಿದ್ದ ಪಂಪು. ಅದರ ಸದ್ದು ಕ್ಷೀಣವಾಗಿದ್ದದ್ದು ಕರೆಂಟ್ ಸಾಲದೆ.

ಕೆಲಸ ಮುಗಿಯಿತು ಎಂದುಕೊಂಡ ದಿನ

ಪರೀಕ್ಷೆಗೆಂದು ಹೆದ್ದಾರಿಯಲ್ಲಿ ಅಂಕೋಲಾವರೆಗೆ ಹೋಗಿ ಬಂದರು. ನಡುನಡುವೆ ಅರ್ಧ ನಿಮಿಷ ಪೂರ್ತಿ ಆಕ್ಸಿಲರೇಟರ್ ಒತ್ತಿದರು. ಇನ್‌ಟೇಕ್ ಗಾಳಿ 61 ಡಿಗ್ರಿ ಮುಟ್ಟಿ ಇಳಿಯಿತು. ತೃಪ್ತಿಕರ. ಕಾರು ಬಿಡಲು ಬಿಲ್ ಬರೆಯುತ್ತಿದ್ದಾಗ ಹಿರಿಯ ಮೇಸ್ತ್ರಿ ತಡೆದರು: ದೂರು ಘಟ್ಟದ್ದು, ಪರೀಕ್ಷೆ ಬಯಲಿನದ್ದು.

ಈ ಪ್ರಕರಣದಲ್ಲಿ ಇದು ಮೊದಲ ತಿರುವು, ಇದರ ಹಿಂದಿನ ಲೆಕ್ಕ ತಿಳಿದಿರಬೇಕು. ಇಂಟರ್‌ಕೂಲರ್ ಸರ್ಕ್ಯೂಟಿನಲ್ಲಿ ಸುಮಾರು 4 ಲೀಟರ್ ಕೂಲಂಟ್ ಇದೆ. ಅದನ್ನು ಒಂದು ಡಿಗ್ರಿ ಕಾಯಿಸಲು 15 ಕಿಲೋಜೂಲ್ ಬೇಕು. ಗಾಳಿಯಿಂದ ಸೆಕೆಂಡಿಗೆ 5 ಕಿಲೋಜೂಲ್ ಉಷ್ಣ ಕೂಲಂಟಿಗೆ ಇಳಿಯುತ್ತಿದೆ ಎಂದುಕೊಳ್ಳಿ. ರೇಡಿಯೇಟರ್ ಏನೂ ಕೆಲಸ ಮಾಡದಿದ್ದರೂ 30 ಸೆಕೆಂಡಿನಲ್ಲಿ ಕೂಲಂಟ್ ಕಾಯುವುದು 10 ಡಿಗ್ರಿ ಮಾತ್ರ. ಆ ನಾಲ್ಕು ಲೀಟರ್ ನೀರೇ ಉಷ್ಣವನ್ನು ನುಂಗಿಕೊಂಡು ತೊಂದರೆ ಮುಚ್ಚಿಡುತ್ತದೆ. ಏರಿನಲ್ಲಿ ನಾಲ್ಕು ನಿಮಿಷ ಬಿಡದೆ ಎಳೆದಾಗ ಆ ಉಗ್ರಾಣ ತುಂಬಿಹೋಗುತ್ತದೆ. ಆಗ ರೇಡಿಯೇಟರಿನ ನಿಜವಾದ ಶಕ್ತಿ ಗೊತ್ತಾಗುತ್ತದೆ. ಕಾರವಾರದಿಂದ ದೇವಿಮನೆಗೆ ಹೋಗಿ ಬರಲು ಅರ್ಧ ದಿನ ಬೇಕು, ಪೆಟ್ರೋಲ್ ಖರ್ಚು ಬೇರೆ. ಆದರೂ ಬೇರೆ ದಾರಿಯಿಲ್ಲ.

ಘಟ್ಟದ ಪರೀಕ್ಷೆಗೆ ಒಂದು ನಿಯಮ ಹಾಕಿಕೊಂಡರು. ಕುಮಟಾ ಕಡೆಯಿಂದ ಏರುವ ಅದೇ ಭಾಗ, ಮೂರನೆಯ ಗೇರ್, ಎಸಿ ಬಂದ್, ನಾಲ್ಕು ನಿಮಿಷ. ಹೊರಗಾಳಿ ಪ್ರತಿ ಸಲವೂ 31–32 ಡಿಗ್ರಿ ಇರುವ ಹೊತ್ತು ನೋಡಿ ಹೊರಡುವುದು. ತಂತಿ ರಿಪೇರಿಗೆ ಮುಂಚೆ ಮಾಲೀಕರ ಜೊತೆ ಹೋದಾಗ ಇದೇ ಭಾಗದಲ್ಲಿ ಇನ್‌ಟೇಕ್ ಗಾಳಿ 88 ಡಿಗ್ರಿ ದಾಖಲಾಗಿತ್ತು, ಟೈಮಿಂಗ್ 7 ಡಿಗ್ರಿ (ಇದು ಕ್ರ್ಯಾಂಕ್ ತಿರುಗುವ ಕೋನದ ಡಿಗ್ರಿ) ಹಿಂದೆ ಸರಿದಿತ್ತು. ಇಂಟರ್‌ಕೂಲರ್ ಸರಿಯಿದ್ದಾಗ ಬರುವ 55 ಡಿಗ್ರಿಯ ಗಾಳಿಗಿಂತ 88 ಡಿಗ್ರಿಯ ಗಾಳಿ ಶೇಕಡಾ 9ರಷ್ಟು ತೆಳು. ಟೈಮಿಂಗ್ ನಷ್ಟ ಇದರ ಮೇಲೆ. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಒತ್ತಡವೇ ಕಡಲತೀರಕ್ಕಿಂತ ಶೇಕಡಾ 7ರಷ್ಟು ಕಡಿಮೆ. ಆ ಪಾಲನ್ನು ದೋಷದ ಲೆಕ್ಕಕ್ಕೆ ಸೇರಿಸಬಾರದು. ಘಟ್ಟದ ಮೇಲಿನ ಯಾವ ಕಾರಿಗೂ ಅದು ತಪ್ಪಿದ್ದಲ್ಲ.

ತಂತಿ ಸರಿಯಾದ ಮೇಲಿನ ಅಂಕಿ: 79 ಡಿಗ್ರಿ. ಇಳಿದದ್ದು ಒಂಬತ್ತೇ ಡಿಗ್ರಿ. ಪಿಕಪ್ ಇನ್ನೂ ಬೀಳುತ್ತಿತ್ತು.

ನಾಲ್ಕು ತಂತಿಗಳು ಹೇಳಿದ್ದು

ಈ ಹಂತದಲ್ಲಿ ಗ್ಯಾರೇಜಿನಲ್ಲಿ ಎರಡು ಅಭಿಪ್ರಾಯಗಳಿದ್ದವು. ಹೆಚ್ಚು ಸಾಮರ್ಥ್ಯದ ಪಂಪ್ ಹಾಕೋಣ ಎಂದು ಒಬ್ಬರು. ಕೋರು ಒಳಗೆ ಕಟ್ಟಿಕೊಂಡಿದೆ, ಸೂಪರ್‌ಚಾರ್ಜರ್ ಇಳಿಸಬೇಕು ಎಂದು ಇನ್ನೊಬ್ಬರು. ಎರಡನೆಯದು ದೊಡ್ಡ ಕೆಲಸ. ಒಂದು ದಿನ ತಡೆಯಲು ನಿರ್ಧರಿಸಿ, ಉಷ್ಣತೆ ಅಳೆಯುವ ಕೆ-ಟೈಪ್ ಥರ್ಮೋಕಪಲ್ ತಂತಿಗಳನ್ನು ನಾಲ್ಕು ಕಡೆ ಕಟ್ಟಿದರು: ಕೋರಿಗೆ ಕೂಲಂಟ್ ಒಳಹೋಗುವಲ್ಲಿ, ಹೊರಬರುವಲ್ಲಿ, ರೇಡಿಯೇಟರಿಗೆ ಒಳಹೋಗುವಲ್ಲಿ, ಹೊರಬರುವಲ್ಲಿ. ರಬ್ಬರ್ ಹೋಸಿನ ಮೇಲೆ ಕಟ್ಟಿದರೆ ಅಂಕಿ ತಡವಾಗಿ, ಕಡಿಮೆಯಾಗಿ ಬರುತ್ತದೆ. ಲೋಹದ ಕೊಳವೆಯ ಭಾಗ ಹುಡುಕಿ, ಮೇಲೆ ಫೋಮ್ ಸುತ್ತಿ ಬಿಗಿದರು. ಹೋಸ್ ಬಿಚ್ಚಿ ಬಕೆಟಿಗೆ ಹರಿಸಿ ಹರಿವು ಅಳೆಯುವುದು ಸುಲಭ ನಿಜ, ಆದರೆ ಒಳಗೆ ಗಾಳಿಗುಳ್ಳೆ ಇದ್ದರೆ ಬಿಚ್ಚಿದ ಕೂಡಲೇ ಅದು ಜಾಗ ಬಿಟ್ಟು ಸಾಕ್ಷಿಯೇ ಅಳಿಸಿಹೋಗುತ್ತದೆ. ಮೊದಲು ಥರ್ಮೋಕಪಲ್, ಬಕೆಟ್ ಆಮೇಲೆ.

ಅಂಕಿಗಳನ್ನು ಓದುವ ಬಗೆ ಹೀಗೆ. ಕೋರಿನ ಒಳಹೊರಗಿನ ಅಂತರ ದೊಡ್ಡದಿದ್ದರೆ ಹರಿವು ಕಡಿಮೆ: ಸ್ವಲ್ಪ ನೀರು ನಿಧಾನವಾಗಿ ಹಾದು ಹೆಚ್ಚು ಕಾದು ಬರುತ್ತಿದೆ. ಅಂತರ ಚಿಕ್ಕದಿದ್ದು ಎರಡೂ ಅಂಕಿಗಳು ಹೊರಗಾಳಿಗಿಂತ ಬಹಳ ಮೇಲಿದ್ದರೆ ಹರಿವು ಚೆನ್ನಾಗಿದೆ, ರೇಡಿಯೇಟರ್ ಉಷ್ಣ ಬಿಡುತ್ತಿಲ್ಲ. ಕೂಲಂಟ್ ಒಳಗೂ ಹೊರಗೂ ತಣ್ಣಗಿದ್ದು ಇನ್‌ಟೇಕ್ ಗಾಳಿ ಮಾತ್ರ ಬಿಸಿಯಾಗಿದ್ದರೆ ಕೋರಿನ ಮೇಲ್ಮೈಯಲ್ಲೇ ತೊಂದರೆ. ಎಣ್ಣೆಯ ಮಡ್ಡಿ ಹಿಡಿದಿರಬಹುದು, ಗಾಳಿ ಕೋರನ್ನು ಬಿಟ್ಟು ಪಕ್ಕದ ಸೀಲಿನಿಂದ ನುಸುಳುತ್ತಿರಬಹುದು.

ಘಟ್ಟದಲ್ಲಿ ಬಂದ ಅಂಕಿ: ಕೋರಿಗೆ ಒಳಗೆ 49, ಹೊರಗೆ 66. ಅಂತರ 17.

ಸ್ಕ್ಯಾನರಿನಲ್ಲಿ ಗಾಳಿಯ ಹರಿವು ಸೆಕೆಂಡಿಗೆ ಸುಮಾರು 100 ಗ್ರಾಂ. ಅದು 110ರಿಂದ 79 ಡಿಗ್ರಿಗೆ ಇಳಿಯುವಾಗ ಬಿಟ್ಟುಕೊಡುವುದು 3.1 ಕಿಲೋವ್ಯಾಟ್. ಅಷ್ಟು ಉಷ್ಣ ಹೊತ್ತು ಕೂಲಂಟ್ 17 ಡಿಗ್ರಿ ಕಾಯುತ್ತಿದೆ ಎಂದರೆ ಹರಿವು ನಿಮಿಷಕ್ಕೆ ಮೂರು ಲೀಟರ್ ಮಾತ್ರ. ಪಂಪು ಹೊಸದು, ವೋಲ್ಟೇಜ್ ಪೂರ್ತಿ, ಹೋಸ್ ಎಲ್ಲೂ ಮಡಚಿಲ್ಲ. ಪಂಪಿನ ಕರೆಂಟ್ ನೋಡಿದರೆ ಬಕೆಟಿನಲ್ಲಿ 1.8 ಆಂಪಿಯರ್ ಎಳೆದಿದ್ದ ಹಳೆಯ ಪಂಪಿಗಿಂತ ಎಷ್ಟೋ ಕಡಿಮೆ, 1.1. ಇಲ್ಲಿ ಹಲವರು ಎಡವುತ್ತಾರೆ. ಇಂಥ ಪಂಪಿಗೆ ದಾರಿ ಕಟ್ಟಿದರೆ ಕರೆಂಟ್ ಏರುವುದಿಲ್ಲ, ಇಳಿಯುತ್ತದೆ. ತಳ್ಳಲು ನೀರೇ ಇಲ್ಲದಿದ್ದರೆ ಅದಕ್ಕೆ ಕೆಲಸವೂ ಇಲ್ಲ. ಕರೆಂಟ್ ಏರುವುದು ರೋಟರ್ ಸಿಕ್ಕಿಕೊಂಡಾಗ. ಕಡಿಮೆ ಕರೆಂಟ್ ಎಂದರೆ ಕಟ್ಟಿದ ದಾರಿ, ಇಲ್ಲವೇ ಗಾಳಿ.

ಗಾಳಿಯೇ. ಇಂಟರ್‌ಕೂಲರ್ ಕೋರು ಎಂಜಿನ್ನಿನ ತಲೆಯ ಮೇಲೆ, ಕೂಲಂಟ್ ಟ್ಯಾಂಕಿಗಿಂತ ಎತ್ತರದಲ್ಲಿದೆ. ಟ್ಯಾಂಕಿಗೆ ಎಷ್ಟು ಸುರಿದರೂ ನೀರು ತಾನಾಗಿ ಅಲ್ಲಿಗೆ ಏರುವುದಿಲ್ಲ. ಗಾಳಿ ಹೊರಬಿಡಲು ಕೋರಿನ ನೆತ್ತಿಯಲ್ಲಿರುವ ಬ್ಲೀಡ್ ಸ್ಕ್ರೂ ತೆರೆಯಬೇಕು. ಆ ಸ್ಕ್ರೂವಿನ ತಲೆಯ ಮೇಲಿನ ಕಾರ್ಖಾನೆಯ ಬಣ್ಣದ ಗುರುತು ಹಾಗೇ ಇತ್ತು: ಪಂಪ್ ಬದಲಿಸಿದವರು ಅದನ್ನು ಮುಟ್ಟಿಲ್ಲ. ಪಂಪ್ ಬದಲಿಸಿದ ಮೇಲೆ ತೊಂದರೆ ಹೆಚ್ಚಾದದ್ದು ಇದಕ್ಕೇ.

ಈ ಸಲ ಕೂಲಂಟ್ ಪೂರ್ತಿ ಇಳಿಸಿದರು. ಬಂದದ್ದು ಕಂದು ಬಣ್ಣದ ನೀರು. ಹಿಂದೆ ಯಾರೋ ಬಾವಿ ನೀರು ಸೇರಿಸಿದ್ದಾರೆ. ಕಡಲಂಚಿನ ಬಾವಿಯ ನೀರಿನಲ್ಲಿ ಉಪ್ಪು, ಚಿರೇಕಲ್ಲಿನ ನೆಲದ ನೀರಿನಲ್ಲಿ ಕಬ್ಬಿಣ ಇರುತ್ತದೆ. ಅಲ್ಯೂಮಿನಿಯಂ ಕೋರಿಗೆ ಎರಡೂ ವಿಷ. ಡಿಸ್ಟಿಲ್ಡ್ ನೀರಿನಲ್ಲಿ ಎರಡು ಸಲ ತೊಳೆದು, ವ್ಯಾಕ್ಯೂಮ್ ಉಪಕರಣದಿಂದ ಸರ್ಕ್ಯೂಟಿನ ಗಾಳಿ ಹೀರಿ ಮೈನಸ್ 0.8 ಬಾರಿಗೆ ತಂದು ಐದು ನಿಮಿಷ ನಿಲ್ಲಿಸಿ, ಆಮೇಲೆ ಕೂಲಂಟ್ ಎಳೆಸಿದರು. ಇಳಿಸಿದಾಗ ಬಂದದ್ದಕ್ಕಿಂತ 700 ಮಿಲಿಲೀಟರ್ ಹೆಚ್ಚು ಹಿಡಿಯಿತು. ಈ ಉಪಕರಣ ಇಲ್ಲದವರು ತಣ್ಣಗಿನ ಎಂಜಿನ್ನಿನಲ್ಲಿ ಕಾರಿನ ಮೂತಿ ಎತ್ತರಕ್ಕೆ ಬರುವಂತೆ ನಿಲ್ಲಿಸಿ, ಬ್ಲೀಡ್ ಸ್ಕ್ರೂ ತೆರೆದು, ನಿಧಾನವಾಗಿ ತುಂಬುತ್ತ, ಪಂಪನ್ನು 30 ಸೆಕೆಂಡ್ ಓಡಿಸಿ 10 ಸೆಕೆಂಡ್ ನಿಲ್ಲಿಸುವುದನ್ನು ಗುಳ್ಳೆ ನಿಲ್ಲುವವರೆಗೆ ಮಾಡಬೇಕು. ತಾಸು ಹಿಡಿಯುತ್ತದೆ, ಆದರೆ ಆಗುತ್ತದೆ.

ಎಷ್ಟು ಕೂಲಂಟ್, ಎಷ್ಟು ನೀರು ಎಂಬುದರ ಬಗ್ಗೆಯೂ ಚರ್ಚೆಯಾಯಿತು. ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ. ಬರೀ ನೀರು ಗ್ಲೈಕಾಲ್ ಮಿಶ್ರಣಕ್ಕಿಂತ ಹೆಚ್ಚು ಉಷ್ಣ ಹೊರುತ್ತದೆ ಎಂಬುದೂ ನಿಜ. ಕಿಲೋಗೆ ಡಿಗ್ರಿಗೆ ನೀರಿಗೆ 4.18 ಕಿಲೋಜೂಲ್, ಅರ್ಧರ್ಧ ಮಿಶ್ರಣಕ್ಕೆ ಸುಮಾರು 3.5. ಆದರೆ ತುಕ್ಕು ತಡೆಯುವ ರಾಸಾಯನಿಕ ಇರುವುದು ಗ್ಲೈಕಾಲ್ ಕೂಲಂಟಿನಲ್ಲೇ, ಟ್ಯಾಂಕ್ ಎಂಜಿನ್ನಿನೊಡನೆ ಹಂಚಿಕೊಂಡದ್ದು. ಬರೀ ನೀರು ಹಾಕುವುದು ಈ ಕಾರಿಗೆ ತಪ್ಪು ನಿರ್ಧಾರವಾಗುತ್ತಿತ್ತು. ಕಂಪನಿ ಹೇಳಿದ ದರ್ಜೆಯ ಕೂಲಂಟ್, ಡಿಸ್ಟಿಲ್ಡ್ ನೀರಿನೊಡನೆ ಅರ್ಧರ್ಧ ಹಾಕಿದರು.

ಜಾಬ್ ಕಾರ್ಡ್ ಮತ್ತೆ ಓದಿದಾಗ

ಮತ್ತೆ ಘಟ್ಟ. ಕೋರಿಗೆ ಒಳಗೆ 58, ಹೊರಗೆ 63. ಇನ್‌ಟೇಕ್ ಗಾಳಿ 72. ಅಂತರ 17ರಿಂದ 5ಕ್ಕೆ ಇಳಿದಿದೆ; ಹರಿವು ನಿಮಿಷಕ್ಕೆ 12 ಲೀಟರಿನ ಮೇಲೆ. ಆಮೇಲೆ ಬಕೆಟಿನಲ್ಲಿ ಅಳೆದದ್ದೂ ಅದಕ್ಕೆ ಹೊಂದಿತು. ಆದರೆ ಕೋರಿಗೆ ಹೋಗುವ ಕೂಲಂಟ್ 49ರಿಂದ 58ಕ್ಕೆ ಏರಿದೆ. ಮೊದಲ ನೋಟಕ್ಕೆ ಇದು ಕೆಟ್ಟ ಸುದ್ದಿ, ಹುಡುಗರು ಗಾಬರಿಯಾದರು. ನಿಜದಲ್ಲಿ ಇದು ಈ ಪ್ರಕರಣದ ಅತಿ ಮುಖ್ಯ ಅಂಕಿ. ಮುಂಚೆ ನೀರು ನಿಧಾನವಾಗಿ ಹರಿಯುತ್ತಿದ್ದುದರಿಂದ ರೇಡಿಯೇಟರಿನಲ್ಲಿ ಹೆಚ್ಚು ಹೊತ್ತು ನಿಂತು ತಣಿದು ಬರುತ್ತಿತ್ತು, ರೇಡಿಯೇಟರ್ ಚೆನ್ನಾಗಿದೆ ಎಂಬ ಭ್ರಮೆ ಹುಟ್ಟಿಸುತ್ತಿತ್ತು. ಹರಿವು ಸರಿಯಾದ ಕೂಡಲೇ ರೇಡಿಯೇಟರಿನ ಬಂಡವಾಳ ಬಯಲಾಯಿತು: ಹೊರಗಾಳಿ 31 ಇರುವಾಗ ಅದು ಕೂಲಂಟನ್ನು 58ಕ್ಕಿಂತ ಕೆಳಗೆ ತರಲಾರದು.

ದೊಡ್ಡ ಪಂಪಿನ ಮಾತೂ ಇಲ್ಲೇ ಮುಗಿಯಿತು. ಕೋರಿನ ಸರಾಸರಿ ಉಷ್ಣತೆ ಒಳಬರುವ ನೀರಿಗಿಂತ ಎರಡೂವರೆ ಡಿಗ್ರಿ ಮಾತ್ರ ಹೆಚ್ಚು. ಹರಿವನ್ನು ಎರಡು ಪಟ್ಟು ಮಾಡಿದರೂ ಸಿಗುವ ಲಾಭ ಒಂದೂಕಾಲು ಡಿಗ್ರಿ.

ಆಗ ಹಿರಿಯ ಮೇಸ್ತ್ರಿ ಜಾಬ್ ಕಾರ್ಡ್ ತರಿಸಿದರು. ಎಸಿ ಹಾಕಿದರೆ ಚಲೋ, ಮಳೆಯಲ್ಲಿ ತ್ರಾಸಿಲ್ಲ. ತಿರುವುಗಳ ಏರಿನಲ್ಲಿ ಕಾರಿನ ವೇಗ 30–40 ಕಿಲೋಮೀಟರ್. ಮುಂದಿನಿಂದ ನುಗ್ಗುವ ಗಾಳಿ ಸಾಲದು, ಫ್ಯಾನ್ ಎಳೆಯಬೇಕು. ಈ ಕಾರಿನಲ್ಲಿ ಫ್ಯಾನ್ ತಿರುಗುವುದು ಎಂಜಿನ್ ಕೂಲಂಟ್ ಕಾದಾಗ, ಇಲ್ಲವೇ ಎಸಿ ಗ್ಯಾಸಿನ ಒತ್ತಡ ಏರಿದಾಗ. ಇಂಟರ್‌ಕೂಲರ್ ಎಷ್ಟು ಕಾದರೂ ಫ್ಯಾನಿಗೆ ಸುದ್ದಿ ಹೋಗುವುದಿಲ್ಲ. ಎಸಿ ಹಾಕಿದರೆ ಫ್ಯಾನ್ ತಿರುಗುತ್ತದೆ, ಎಲ್ಲಕ್ಕಿಂತ ಮುಂದಿರುವ ಚಿಕ್ಕ ರೇಡಿಯೇಟರಿಗೂ ಗಾಳಿ ಸಿಗುತ್ತದೆ. ಕಂಪ್ರೆಸರ್ ತಿನ್ನುವ ಶಕ್ತಿಗಿಂತ ತಣಿದ ಗಾಳಿಯಿಂದ ಮರಳುವ ಶಕ್ತಿ ಹೆಚ್ಚು. ಮಳೆಯಲ್ಲಿ ನೀರೇ ಫಿನ್ನುಗಳ (ರೇಡಿಯೇಟರ್ ಕೊಳವೆಗಳಿಗೆ ಅಂಟಿದ ತೆಳು ತಗಡುಗಳ) ಮೇಲೆ ಬಿದ್ದು ಆವಿಯಾಗಿ ಉಷ್ಣ ಒಯ್ಯುತ್ತದೆ. ಎರಡೂ ಒಂದೇ ಕಡೆ ಬೆರಳು ತೋರಿಸುತ್ತವೆ: ಚಿಕ್ಕ ರೇಡಿಯೇಟರಿನ ಮೂಲಕ ಗಾಳಿ ಹಾಯುತ್ತಿಲ್ಲ.

ಬಂಪರ್ ಬಿಚ್ಚಿದರು. ಮುಂದಿನಿಂದ ನೋಡಿದರೆ ರೇಡಿಯೇಟರ್ ಚೊಕ್ಕಟ. ಟಾರ್ಚ್ ಹಾಕಿ ನೋಡಿದ ಮೊದಲ ಗ್ಯಾರೇಜಿಗೂ ಹಾಗೇ ಕಂಡಿರಬೇಕು. ಅದನ್ನು ಸಡಿಲಿಸಿ ಮುಂದೆ ವಾಲಿಸಿದಾಗ, ಅದಕ್ಕೂ ಕಂಡೆನ್ಸರಿಗೂ ನಡುವಿನ ಬೆರಳಗಲದ ಸಂದಿಯಲ್ಲಿ ಕಂಬಳಿಯಂಥ ಪದರ. ಹುಳುಗಳು, ಒಣಹುಲ್ಲು, ಅಡಿಕೆ ಸಿಪ್ಪೆಯ ನಾರು, ಅವನ್ನೆಲ್ಲ ಒಟ್ಟಿಗೆ ಅಂಟಿಸಿದ ರಸ್ತೆ ಅಗಲೀಕರಣದ ಕೆಂಪು ದೂಳು. ಕೆಳಗಿನ ಮೂರರಲ್ಲೊಂದು ಭಾಗದ ಫಿನ್ನುಗಳು ಉಪ್ಪುಗಾಳಿಗೆ ಬಿಳಿ ಪುಡಿಯಾಗಿ, ಮುಟ್ಟಿದರೆ ಉದುರುತ್ತಿದ್ದವು. ಫಿನ್ ಕೊಳವೆಗೆ ಅಂಟಿರದಿದ್ದರೆ ಗಾಳಿ ಎಷ್ಟು ಹಾದರೂ ಉಷ್ಣ ಅದಕ್ಕೆ ದಾಟುವುದಿಲ್ಲ. ಸಾಲದ್ದಕ್ಕೆ ಹಿಂದೊಮ್ಮೆ ಬಂಪರ್ ರಿಪೇರಿಯಾದಾಗ ರೇಡಿಯೇಟರಿನ ಎರಡೂ ಪಕ್ಕದ ಫೋಮ್ ಪಟ್ಟಿಗಳನ್ನು ಮರಳಿ ಹಾಕಿಯೇ ಇಲ್ಲ. ಗಾಳಿ ಯಾವಾಗಲೂ ಸುಲಭದ ದಾರಿ ಹಿಡಿಯುತ್ತದೆ. ಪಕ್ಕದಲ್ಲಿ ಸಂದಿ ಇದ್ದರೆ ಫಿನ್ನುಗಳ ನಡುವೆ ನುಸುಳುವ ಕಷ್ಟ ಅದಕ್ಕೇಕೆ?

ತೊಳೆಯುವುದೇ, ಬದಲಿಸುವುದೇ

ಮೊದಲು ತೊಳೆದರು. ಹಿಂದಿನಿಂದ ಮುಂದಕ್ಕೆ, ತೋಟದ ಪೈಪಿನಷ್ಟೇ ಒತ್ತಡದಲ್ಲಿ. ವಾಟರ್ ಸರ್ವಿಸ್‌ನ ಗನ್ ಇಲ್ಲಿ ಬಳಸಲೇಬಾರದು. ಮುಂದಿನಿಂದ ಹೊಡೆದರೆ ಕಸ ಇನ್ನೂ ಒಳಗೆ ಕೂರುತ್ತದೆ, ಫಿನ್ನುಗಳು ಮಲಗುತ್ತವೆ. ಆಮೇಲೆ ಘಟ್ಟದಲ್ಲಿ ಕೋರಿಗೆ 51 ಒಳಗೆ, 57 ಹೊರಗೆ, ಇನ್‌ಟೇಕ್ 65.

65 ಎಂದರೆ ಪಿಕಪ್ ಬೀಳುವುದು ಹೆಚ್ಚುಕಡಿಮೆ ನಿಂತಿತ್ತು. ಮಾಲೀಕರು ಇಷ್ಟು ಸಾಕು ಎಂದರು. ಹೊಸ ರೇಡಿಯೇಟರ್ ಬರಲು ಮೂರು ವಾರ, ಬೆಲೆಯೂ ಕಡಿಮೆಯಲ್ಲ. ಗ್ಯಾರೇಜ್ ಒಪ್ಪಲಿಲ್ಲ, ಒಪ್ಪದಿದ್ದದ್ದು ಸರಿ. ಪುಡಿಯಾಗುತ್ತಿರುವ ಫಿನ್ ಇನ್ನಷ್ಟು ಉದುರುತ್ತದೆಯೇ ಹೊರತು ಬೆಳೆಯುವುದಿಲ್ಲ. ಫಿನ್ ಹೋದಲ್ಲಿ ಮುಂದೆ ಕೊಳವೆಯೇ ತೂತಾಗುತ್ತದೆ. ಟ್ಯಾಂಕ್ ಒಂದೇ ಆದ್ದರಿಂದ ಅಲ್ಲಿ ಸೋರಿದರೆ ಎಂಜಿನ್ನಿನ ಕೂಲಂಟೂ ಹೋಗುತ್ತದೆ, ಅದೂ ಮೊಬೈಲ್ ಸಿಗ್ನಲ್ ಇಲ್ಲದ ಯಾವುದೋ ತಿರುವಿನಲ್ಲಿ. ಇಂಟರ್‌ಕೂಲರಿನ ಉಷ್ಣತೆ ನೋಡಿ ಫ್ಯಾನ್ ಹಚ್ಚುವ ಬೇರೆ ಸ್ವಿಚ್ ಹಾಕುವ ಸಲಹೆಯೂ ಬಂತು. ಮೂಲ ವೈರಿಂಗ್ ಕತ್ತರಿಸಿ ಹೊಸ ಜೋಡಣೆ ಮಾಡುವುದೆಂದರೆ ಕಿಲುಬಿಗೆ ಇನ್ನೊಂದು ಜಾಗ ಕೊಟ್ಟಂತೆ, ಅದನ್ನೂ ಬಿಟ್ಟರು. ಮೂರು ವಾರ ಘಟ್ಟ ಹತ್ತುವಾಗ ಎಸಿ ಹಾಕಿಕೊಂಡೇ ಹತ್ತಲು ಮಾಲೀಕರಿಗೆ ಹೇಳಿದರು.

ಹೊಸ ರೇಡಿಯೇಟರ್, ಎರಡೂ ಪಕ್ಕ ಹೊಸ ಫೋಮ್ ಪಟ್ಟಿ, ಮತ್ತೆ ವ್ಯಾಕ್ಯೂಮ್ ಹಾಕಿ ತುಂಬಿದ ಕೂಲಂಟ್. ಅದೇ ಏರು, ಎಸಿ ಬಂದ್, ಹೊರಗೆ 32 ಡಿಗ್ರಿ: ಕೋರಿಗೆ ಒಳಗೆ 40, ಹೊರಗೆ 47, ಇನ್‌ಟೇಕ್ 55. ಟೈಮಿಂಗ್ ಹಿಂದೆ ಸರಿಯಲಿಲ್ಲ. ಏರು ಮುಗಿದು ಸಮತಟ್ಟು ಸಿಕ್ಕ ಮೇಲೆ ಒಂದೂವರೆ ನಿಮಿಷದಲ್ಲಿ 45ಕ್ಕೆ ಇಳಿಯಿತು. ಮೊದಲ ದಿನ 88ರಿಂದ 60ಕ್ಕೆ ಇಳಿಯಲೇ ಒಂಬತ್ತು ನಿಮಿಷ ಹಿಡಿದಿತ್ತು. ಎಷ್ಟು ಏರಿತು ಎಂಬುದರಷ್ಟೇ ಎಷ್ಟು ಬೇಗ ಇಳಿಯಿತು ಎಂಬುದನ್ನೂ ಬರೆದಿಡಬೇಕು, ಏಕೆಂದರೆ ಹತ್ತುವ ವೇಗ, ಗೇರ್ ಒಂದಿಷ್ಟು ಬದಲಾದರೆ ಗರಿಷ್ಠ ಅಂಕಿ ಬದಲಾಗುತ್ತದೆ, ಇಳಿಯುವ ಸಮಯ ಅಷ್ಟಾಗಿ ಬದಲಾಗುವುದಿಲ್ಲ.

88ರಿಂದ 55ಕ್ಕೆ ಬಂದ 33 ಡಿಗ್ರಿಯಲ್ಲಿ ತಂತಿಯ ಪಾಲು 9, ಗಾಳಿಗುಳ್ಳೆಯ ಪಾಲು 7, ಕಸದ ಪಾಲು 7, ರೇಡಿಯೇಟರ್ ಮತ್ತು ಫೋಮ್ ಪಟ್ಟಿಯ ಪಾಲು 10. ಯಾವ ಒಂದು ದೋಷವೂ ತಾನೊಂದೇ ಕಾರನ್ನು ಕೆಡಿಸಿರಲಿಲ್ಲ. ಯಾವ ಒಂದನ್ನು ಸರಿಪಡಿಸಿದಾಗಲೂ ಸ್ವಲ್ಪ ಸುಧಾರಣೆ ಕಂಡಿತು, ನಿಂತುಬಿಡಬೇಕು ಎನ್ನಿಸುವಷ್ಟು. ಅಂಕೋಲಾದಿಂದ ಮರಳಿದ ಸಂಜೆ ನಿಂತಿದ್ದರೆ ಮಳೆಗಾಲ ಬಂದು ಉಳಿದದ್ದನ್ನೆಲ್ಲ ಮತ್ತೆ ಮುಚ್ಚಿಡುತ್ತಿತ್ತು.

ಮುಂದಿನ ಏಪ್ರಿಲ್‌ನಲ್ಲಿ

ಮಾಲೀಕರಿಗೆ ಎರಡು ಕೆಲಸ ಒಪ್ಪಿಸಲಾಗಿತ್ತು. ಅಕ್ಟೋಬರಿನಿಂದ ಮೇ ತನಕ ಎರಡು ತಿಂಗಳಿಗೊಮ್ಮೆ ಸಿಹಿನೀರಿನಲ್ಲಿ ಆ ಸಂದಿಯನ್ನು ಹಿಂದಿನಿಂದ ತೊಳೆಸುವುದು. ತಿಂಗಳಿಗೊಮ್ಮೆ ಹೆದ್ದಾರಿಯಲ್ಲಿ 80ರ ವೇಗದಲ್ಲಿ ಹತ್ತು ನಿಮಿಷ ಓಡಿಸಿ, ಇನ್‌ಟೇಕ್ ಗಾಳಿಗೂ ಹೊರಗಾಳಿಗೂ ಇರುವ ಅಂತರವನ್ನು ಸ್ಕ್ಯಾನರಿನಲ್ಲಿ ನೋಡಿ ಬರೆದಿಡುವುದು. ಈ ಕಾರಿನಲ್ಲಿ ರಿಪೇರಿಗೆ ಮುಂಚೆ ಅದು 21 ಡಿಗ್ರಿ ಇತ್ತು, ಆಮೇಲೆ 12. ಅದು 15 ದಾಟಿದರೆ ಘಟ್ಟದಲ್ಲಿ ಪಿಕಪ್ ಬೀಳುವವರೆಗೆ ಕಾಯದೆ ಕಾರು ತರಬೇಕು ಎಂದು ಹೇಳಿದ್ದರು.

ಏಪ್ರಿಲ್‌ನಲ್ಲಿ ಅಂತರ 14 ಬಂತು. ಮಾಲೀಕರು 15ಕ್ಕೆ ಕಾಯದೆ ಕಾರು ತಂದರು. ಘಟ್ಟದಲ್ಲಿ 58. ಬಂಪರ್ ಬಿಚ್ಚಿದಾಗ ಸಂದಿಯ ಒಂದು ಮೂಲೆಯಲ್ಲಿ ಅಂಗೈಯಗಲ ಅಡಿಕೆ ನಾರು ಸೇರಿತ್ತು. ತೆಗೆದು ತೊಳೆದು, ಪಂಪಿನ ವೋಲ್ಟೇಜ್ ನೋಡಿದರು. 13.5, ಹಾಕಿದಾಗ ಇದ್ದಷ್ಟೇ.